ಹರಳು ಕಟ್ಟುವ ಹದ

ನಮ್ಮ ಭಾಷೆಯಲ್ಲಿ ‘ಹದ’ ಎಂಬ ಎರಡಕ್ಷರದ ಮಾತೊಂದಿದೆ. ಮಳೆ ಬಿದ್ದ ಮೂರನೆಯ ದಿನ ಹೊಲಕ್ಕೆ ಹೋಗಿ ಹಿಡಿ ಮಣ್ಣನ್ನು ಹಿಸುಕಿ ನೋಡುವ ರೈತನು ಹುಡುಕುವುದು ಹದವನ್ನು. ಒಲೆಯ ಮುಂದೆ ಕುಳಿತು ಮುದ್ದೆ ತೊಳಸುವ ತಾಯಿ ಕಾಯುವುದು ಹದಕ್ಕಾಗಿ. ಕಾಸಿದ ಕುಡುಗೋಲನ್ನು ನೀರಿಗೆ ಅದ್ದುವ ಕಮ್ಮಾರನ ಕಣ್ಣಿರುವುದೂ ಹದದ ಮೇಲೆಯೇ. ಬಿಸಿ, ತೇವ, ಕಾಲ, ಅಳತೆ ಇವೆಲ್ಲವೂ ಒಂದು ಗಳಿಗೆಯಲ್ಲಿ ಕೂಡಿಬರುವುದಕ್ಕೆ ಹದವೆಂದು ಹೆಸರು. ಅದಕ್ಕೆ ಮುಂಚೆ ಕೈ ಹಾಕಿದರೂ ಕೆಲಸ ಕೆಡುತ್ತದೆ, ಆಮೇಲೆ ಹಾಕಿದರೂ ಕೆಡುತ್ತದೆ. ಹದವನ್ನು ಬಲ್ಲವರು ಎಲ್ಲ ಊರಿನಲ್ಲಿಯೂ ಇದ್ದಾರೆ. ಅದನ್ನು ಇನ್ನೊಬ್ಬರಿಗೆ ತಿಳಿಯುವಂತೆ ಹೇಳಬಲ್ಲವರು ಮಾತ್ರ ಬಹಳ ವಿರಳ.

ಈ ಪ್ರಬಂಧದ ವಿಷಯವೂ ಒಂದು ಹದವೇ. ಪ್ರೋಟೀನುಗಳು, ಎಂದರೆ ನಮ್ಮ ಹಳೆಯ ಪಠ್ಯಪುಸ್ತಕಗಳು ಸಸಾರಜನಕವೆಂದು ಕರೆಯುತ್ತಿದ್ದ ವಸ್ತುಗಳು, ಯಾವ ಹದದಲ್ಲಿ ಹರಳು ಕಟ್ಟುತ್ತವೆ? ಅದನ್ನು ಮುಂಚಿತವಾಗಿ ಹೇಳುವುದು ಸಾಧ್ಯವೇ? ಇತಿಹಾಸ, ಅರ್ಥಶಾಸ್ತ್ರ, ಕನ್ನಡಗಳನ್ನು ಓದುತ್ತಿರುವ ಅಂತಿಮ ಬಿ.ಎ. ವಿದ್ಯಾರ್ಥಿನಿಯೊಬ್ಬಳು ಇಂಥ ಪ್ರಶ್ನೆಯನ್ನು ಎತ್ತಿಕೊಳ್ಳುವುದು ಅಧಿಕಪ್ರಸಂಗವೆಂದು ವಿಜ್ಞಾನ ಬಲ್ಲವರು ನಗಬಹುದು. ನಕ್ಕರೆ ನಗಲಿ. ನನ್ನ ಕಡೆಯಿಂದ ಒಂದೇ ಸಮಾಧಾನವಿದೆ: ಈ ಹರಳುಗಳ ಚರಿತ್ರೆಯಲ್ಲಿ ಹೆಸರಾದ ಎರಡು ಹರಳುಗಳು ನಮ್ಮ ಮನೆಯವರು ಬೆಳೆಯುವ ಗಿಡದಿಂದಲೇ ಹೊರಟವು. ಆ ಗಿಡ ಹೊಗೆಸೊಪ್ಪು.

ನಮ್ಮದು ಪಿರಿಯಾಪಟ್ಟಣ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಪಿರಿಯಾಪಟ್ಟಣ, ಹುಣಸೂರು ತಾಲ್ಲೂಕುಗಳಲ್ಲಿ ಹೊಗೆಸೊಪ್ಪನ್ನು ಬಿಟ್ಟು ಸಂಸಾರದ ಲೆಕ್ಕ ಬರೆಯುವುದು ಕಷ್ಟ. ಆ ಬೆಳೆಯ ಒಳಿತು ಕೆಡುಕುಗಳು ಬೇರೆಯೇ ಒಂದು ಪ್ರಬಂಧಕ್ಕೆ ವಸ್ತುವಾಗುವಷ್ಟಿವೆ. ಇಲ್ಲಿ ಅದು ಬೇಡ. ಸೊಪ್ಪು ಮುರಿದು ತಂದ ದಿನ ಅವ್ವ ಮತ್ತು ನೆರೆಮನೆಯ ಹೆಂಗಸರು ಎಲೆಗಳನ್ನು ಕಡ್ಡಿಗೆ ಕಟ್ಟುತ್ತಾರೆ. ಕಡ್ಡಿಗಳು ಬ್ಯಾರನ್ ಮನೆಯೊಳಗೆ ಸಾಲು ಸಾಲಾಗಿ ಏರುತ್ತವೆ. ಅಲ್ಲಿಂದ ಮುಂದೆ ಐದಾರು ದಿನ ನಮ್ಮ ಅಪ್ಪನಿಗೆ ನಿದ್ದೆಯಿಲ್ಲ. ಮೊದಲು ಸುಮಾರು ೧೦೦ ಡಿಗ್ರಿ ಫ್ಯಾರನ್‌ಹೀಟಿನೊಳಗೆ ಬೆಂಕಿಯನ್ನು ಹಿಡಿದಿಟ್ಟು ಎಲೆ ಹಣ್ಣಾಗಿ ಹಳದಿಗೆ ತಿರುಗುವವರೆಗೆ ಕಾಯಬೇಕು. ಬಳಿಕ ಮೆಲ್ಲಮೆಲ್ಲನೆ ಏರಿಸಿ ಬಣ್ಣವನ್ನು ನಿಲ್ಲಿಸಬೇಕು. ಎಲೆ ಒಣಗಿದ ಮೇಲೆ ೧೬೦ರವರೆಗೆ ಒಯ್ದು ದಂಟನ್ನು ಒಣಗಿಸಬೇಕು. ಅವಸರಪಟ್ಟು ಬೆಂಕಿ ಏರಿಸಿದರೆ ಹಸಿರು ಹಾಗೆಯೇ ಉಳಿದುಬಿಡುತ್ತದೆ. ತಡಮಾಡಿದರೆ ಎಲೆ ಕಂದುಗಟ್ಟುತ್ತದೆ. ಕಂಪಲಾಪುರದ ಹರಾಜಿನಲ್ಲಿ ಬೆಲೆ ಕಟ್ಟುವವರು ನೋಡುವುದು ಬಣ್ಣವನ್ನು. ಹದ ತಪ್ಪಿದ ಒಂದು ಬ್ಯಾರನ್ ಎಂದರೆ ಬ್ಯಾಂಕಿನ ಸಾಲದ ಒಂದು ಕಂತು.

ಗೋಡೆಯ ಕಿಂಡಿಯ ಹಿಂದೆ ಥರ್ಮಾಮೀಟರು ಉಂಟು. ಆದರೆ ಅಪ್ಪ ಅದನ್ನು ನೋಡುವುದು ಬಹುಮಟ್ಟಿಗೆ ಮರ್ಯಾದೆಗಾಗಿ. ಬಾಗಿಲನ್ನು ಒಂದು ಗೇಣು ತೆರೆದು, ಮುಖಕ್ಕೆ ಬಡಿಯುವ ಹಬೆಯನ್ನು ಮೂಸಿ, ಒಂದೆಲೆಯ ತುದಿಯನ್ನು ಬೆರಳಲ್ಲಿ ಹೊಸೆದು, ‘ಇನ್ನೂ ಇಲ್ಲ’ ಎಂದೋ ‘ಬಂತು’ ಎಂದೋ ಹೇಳುತ್ತಾರೆ. ‘ಹೇಗೆ ಗೊತ್ತಾಯಿತು ಅಪ್ಪ?’ ಎಂದು ಕೇಳಿದರೆ, ‘ನೋಡ್ತಾ ನೋಡ್ತಾ ಬತ್ತದೆ ಕಣವ್ವ’ ಎಂಬುದಷ್ಟೇ ಉತ್ತರ.

ಕಳೆದ ವರ್ಷ ವಿಜ್ಞಾನ ದಿನದಂದು ನಮ್ಮ ಕಾಲೇಜಿಗೆ ಬಂದಿದ್ದ ಉಪನ್ಯಾಸಕರೊಬ್ಬರು ಪ್ರೋಟೀನಿನ ಹರಳುಗಳ ವಿಚಾರ ಮಾತನಾಡಿದರು. ಕಲಾವಿಭಾಗದ ನಾವು ಹಿಂದಿನ ಬೆಂಚುಗಳಲ್ಲಿ ಸೌಜನ್ಯಕ್ಕಾಗಿ ಕುಳಿತಿದ್ದೆವು. ಅವರು ಮಾತಿನ ನಡುವೆ ‘ಟೊಬ್ಯಾಕೊ’ ಎಂದಾಗ ನನ್ನ ಕಿವಿ ನೆಟ್ಟಗಾಯಿತು. ಅಂದಿನಿಂದ ಗ್ರಂಥಾಲಯದಲ್ಲಿ ಸಿಕ್ಕಿದ್ದನ್ನು ಓದಿ, ಬಲ್ಲವರನ್ನು ಕೇಳಿ, ನನಗೆ ತಿಳಿದಷ್ಟನ್ನು ಇಲ್ಲಿ ನಿವೇದಿಸುತ್ತೇನೆ.

ಪ್ರೋಟೀನಿನ ಅಣು ಬಹು ಸಣ್ಣದು. ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ಅದರ ಆಕಾರ ಕಾಣದು. ಆದರೆ ಕೋಟಿ ಕೋಟಿ ಅಣುಗಳು ಶಾಲೆಯ ಮಕ್ಕಳು ಪ್ರಾರ್ಥನೆಗೆ ನಿಂತಂತೆ ಸಾಲಾಗಿ ನಿಂತು ಹರಳಾದರೆ, ಅದರೊಳಕ್ಕೆ ಹಾಯಿಸಿದ ಕ್ಷಕಿರಣಗಳು ಚದರಿ ಚುಕ್ಕೆಗಳ ಚಿತ್ರವೊಂದನ್ನು ಬರೆಯುತ್ತವೆ. ಆ ಚುಕ್ಕೆಗಳನ್ನು ಲೆಕ್ಕಹಾಕಿ ಅಣುವಿನ ಆಕಾರವನ್ನು ಕಂಡುಹಿಡಿಯಬಹುದು. ಆಕಾರ ತಿಳಿದರೆ ಅದರ ಕೆಲಸ ತಿಳಿಯುತ್ತದೆ. ಕೆಲಸ ತಿಳಿದರೆ ಔಷಧವನ್ನು ಯೋಚಿಸಬಹುದು. ಡೊರೊಥಿ ಹಾಜ್‌ಕಿನ್ ಎಂಬ ಆಂಗ್ಲ ವಿದುಷಿ ಇನ್ಸುಲಿನ್ ಹರಳಿನ ಮೊದಲ ಚಿತ್ರವನ್ನು ತೆಗೆದದ್ದು ೧೯೩೫ರ ಸುಮಾರಿಗೆ. ಅದರ ಆಕಾರ ಪೂರ್ಣವಾಗಿ ತಿಳಿದದ್ದು ೧೯೬೯ರಲ್ಲಿ. ಅಷ್ಟು ದೀರ್ಘವಾದ ತಪಸ್ಸಿಗೂ ಮೊದಲು ಬೇಕಾದದ್ದು ಒಂದು ಒಳ್ಳೆಯ ಹರಳು. ಹರಳಿಲ್ಲದಿದ್ದರೆ ಮುಂದಿನ ದಾರಿಯೇ ಇಲ್ಲ.

ಹರಳು ಕಟ್ಟಿಸುವುದರಲ್ಲಿ ಅಂಥ ಕಷ್ಟವೇನು? ಇದಕ್ಕೆ ಕೃಷ್ಣರಾಜನಗರದ ನಮ್ಮ ಸೋದರಮಾವನ ಆಲೆಮನೆ ನೆನಪಿಗೆ ಬರುತ್ತದೆ. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿದು ಪಾಕವಾಗುವಾಗ ಮಾವ ಒಂದು ತೊಟ್ಟನ್ನು ತಣ್ಣೀರಿಗೆ ಬಿಡುತ್ತಾರೆ. ಅದು ಬೆರಳಿಗೆ ಉಂಡೆಯಾಗಿ ಬಂದರೆ ಕೊಪ್ಪರಿಗೆ ಇಳಿಸಬೇಕು. ಕಲ್ಲುಸಕ್ಕರೆ ಮಾಡುವವರು ಗಟ್ಟಿ ಪಾಕದಲ್ಲಿ ನೂಲನ್ನು ಇಳಿಬಿಟ್ಟು ದಿನಗಟ್ಟಲೆ ಅಲುಗಾಡಿಸದೆ ಇಡುತ್ತಾರೆ. ಸಕ್ಕರೆಯ ಅಣು ಚಿಕ್ಕದು, ಗಟ್ಟಿಯಾದದ್ದು. ಇಟ್ಟಿಗೆಯ ಮೇಲೆ ಇಟ್ಟಿಗೆಯಂತೆ ಕುಳಿತುಕೊಳ್ಳುತ್ತದೆ. ಪ್ರೋಟೀನಿನ ಅಣುವಾದರೋ ದೊಡ್ಡದು, ಮೆತ್ತನೆಯದು, ಅಂಕುಡೊಂಕಾದದ್ದು. ಪಕ್ಕದ ಅಣುವನ್ನು ಅದು ಮುಟ್ಟುವುದು ಕೆಲವೇ ಕಡೆ. ಅದರ ಹರಳಿನಲ್ಲಿ ಹೆಚ್ಚು ಕಡಮೆ ಅರ್ಧದಷ್ಟು ನೀರೇ ಇರುತ್ತದೆ. ೧೯೩೪ರಲ್ಲಿ ಬರ್ನಾಲ್ ಎಂಬ ವಿಜ್ಞಾನಿಯೂ ಇದೇ ಹಾಜ್‌ಕಿನ್ ಅವರೂ ಪೆಪ್ಸಿನ್ ಹರಳನ್ನು ಒಣಗಲು ಬಿಡದೆ ಅದರ ದ್ರವದಲ್ಲಿಯೇ ಇರಿಸಿದಾಗಲೇ ಒಳ್ಳೆಯ ಚಿತ್ರ ದೊರೆತದ್ದು.

ಪ್ರೋಟೀನು ಕರಗಿರುವ ನೀರಿಗೆ ಉಪ್ಪನ್ನೋ ಬೇರೆ ಯಾವುದಾದರೂ ವಸ್ತುವನ್ನೋ ಸೇರಿಸುತ್ತ ಹೋದರೆ ಅಣುಗಳು ನೀರನ್ನು ಬಿಟ್ಟು ಒಂದಕ್ಕೊಂದು ಹತ್ತಿರವಾಗುತ್ತವೆ. ಸಾಲದಿದ್ದರೆ ನೀರು ತಿಳಿಯಾಗಿಯೇ ಉಳಿಯುತ್ತದೆ. ಹೆಚ್ಚಾದರೆ ಒಡೆದ ಹಾಲಿನಂತೆ ಗಸಿಯಾಗಿ ಕೂರುತ್ತದೆ. ಇವೆರಡರ ನಡುವೆ ಕೂದಲೆಳೆಯಷ್ಟು ಜಾಗವಿದೆ. ಹರಳು ಹುಟ್ಟುವುದು ಅಲ್ಲಿ. ಆದ್ದರಿಂದ ಒಂದು ಹನಿಯನ್ನು ಗಾಜಿನ ಬಿಲ್ಲೆಗೆ ತಲೆಕೆಳಗಾಗಿ ತೂಗುಬಿಟ್ಟು, ಕೆಳಗೆ ಇನ್ನಷ್ಟು ಗಟ್ಟಿಯಾದ ಉಪ್ಪಿನ ನೀರನ್ನಿಟ್ಟು ಮುಚ್ಚುತ್ತಾರೆ. ಹನಿಯ ನೀರು ಆವಿಯಾಗಿ, ದಿನಗಳ ಮೇಲೆ ದಿನ, ನಿಧಾನವಾಗಿ ಕೆಳಕ್ಕೆ ಹೋಗುತ್ತದೆ. ಇಲ್ಲಿಯೂ ಅವಸರ ಕೂಡದು. ಎಲ್ಲಿಯೂ ಹರಳು ಮೂಡದಿದ್ದರೆ ಹಳೆಯ ಹರಳಿನ ಪುಡಿಯನ್ನು ಬೆಕ್ಕಿನ ಮೀಸೆಯ ಕೂದಲಿನಿಂದ ಹನಿಗೆ ಸವರಿ ಬಿತ್ತುವುದೂ ಉಂಟಂತೆ. ಇದನ್ನು ಓದಿದಾಗ ಪ್ರಯೋಗಶಾಲೆಗೂ ಹಳ್ಳಿಯ ಮನೆಗೂ ನಾನು ಎಣಿಸಿದ್ದಷ್ಟು ದೂರವಿಲ್ಲವೆಂದು ಸಂತೋಷವಾಯಿತು.

ಇನ್ನು ಹೊಗೆಸೊಪ್ಪಿನ ಮಾತು. ಎಲೆಯ ಮೇಲೆ ತಿಳಿಹಸಿರು ಕಡುಹಸಿರು ಮಚ್ಚೆ ಬೀಳುವ ಮೊಸಾಯಿಕ್ ರೋಗವನ್ನು ನಮ್ಮ ಕಡೆಯ ರೈತರೆಲ್ಲ ಕಂಡಿದ್ದಾರೆ. ರೋಗದ ಗಿಡವನ್ನು ಮುಟ್ಟಿದ ಕೈಯಿಂದ ಒಳ್ಳೆಯ ಗಿಡವನ್ನು ಮುಟ್ಟಿದರೂ ಅದು ಹರಡುತ್ತದೆ. ೧೯೩೫ರಲ್ಲಿ ಅಮೆರಿಕದ ವೆಂಡೆಲ್ ಸ್ಟ್ಯಾನ್ಲಿ ಎಂಬ ವಿಜ್ಞಾನಿ ಅಂಥ ರೋಗದ ಗಿಡಗಳ ರಸವನ್ನು ಹಿಂಡಿ, ಅಮೋನಿಯಂ ಸಲ್ಫೇಟನ್ನು ಸೇರಿಸಿ, ರೋಗಕಾರಕವನ್ನೇ ಸೂಜಿಯಂಥ ಹರಳುಗಳಾಗಿ ಹೊರತೆಗೆದರು. ಗೊಬ್ಬರವೆಂದು ರೈತರು ಬಲ್ಲ ಅದೇ ಅಮೋನಿಯಂ ಸಲ್ಫೇಟು! ರೋಗವನ್ನು ಹರಳಾಗಿಸಿ ಸೀಸೆಯಲ್ಲಿ ತುಂಬಿಡಬಹುದೆಂದು ಅದಕ್ಕೆ ಮುಂಚೆ ಹೆಚ್ಚಿನವರು ಎಣಿಸಿರಲಿಲ್ಲ. ೧೯೪೬ರಲ್ಲಿ ಸ್ಟ್ಯಾನ್ಲಿಗೆ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು. ಜೊತೆಗೆ ಪಡೆದವರಲ್ಲಿ ಒಬ್ಬರು ಜೇಮ್ಸ್ ಸಮ್ನರ್. ಹುಡುಗನಾಗಿದ್ದಾಗಲೇ ಎಡಗೈಯನ್ನು ಕಳೆದುಕೊಂಡಿದ್ದ ಇವರು ಒಂದೇ ಕೈಯಲ್ಲಿ ಒಂಬತ್ತು ವರ್ಷ ದುಡಿದು, ೧೯೨೬ರಲ್ಲಿ ಯೂರಿಯೇಸ್ ಎಂಬ ಕಿಣ್ವವನ್ನು ಮೊದಲ ಸಲ ಹರಳಾಗಿಸಿದವರು.

ಎರಡನೆಯ ಹರಳು ರೋಗದ್ದಲ್ಲ, ಎಲೆಯದೇ. ಗಾಳಿಯ ಇಂಗಾಲಾಮ್ಲವನ್ನು ಹಿಡಿದು ಸಸ್ಯಕ್ಕೆ ಆಹಾರ ಮಾಡಿಕೊಡುವ ರುಬಿಸ್ಕೊ ಎಂಬ ಪ್ರೋಟೀನು ಎಲ್ಲ ಹಸಿರೆಲೆಗಳಲ್ಲಿಯೂ ಇದೆ. ಭೂಮಿಯ ಮೇಲೆ ಅತ್ಯಂತ ಹೇರಳವಾದ ಪ್ರೋಟೀನು ಇದೇ ಎನ್ನುತ್ತಾರೆ. ೧೯೭೦ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯದ ವೈಲ್ಡ್‌ಮನ್ ಎಂಬವರೂ ಅವರ ಜೊತೆಗಾರರೂ ಹೊಗೆಸೊಪ್ಪಿನ ರಸದಿಂದ ಇದನ್ನು ಬಹು ಸುಲಭವಾಗಿ ಹರಳಾಗಿಸಿದರು. ಸ್ಟ್ಯಾನ್ಲಿ ಉಪ್ಪನ್ನು ಸೇರಿಸಿದ್ದರು. ಇವರು ಮಾಡಿದ್ದು ಉಪ್ಪನ್ನು ಕಳೆದದ್ದು. ಒಂದೇ ಜಾತಿಯ ಗಿಡ, ಒಂದೇ ಎಲೆ, ಅದರಿಂದ ತೆಗೆದ ಎರಡು ಹರಳು, ಎರಡಕ್ಕೂ ವಿರುದ್ಧವಾದ ಹದ! ಹಾಗಿದ್ದ ಮೇಲೆ ಮೂರನೆಯದರ ಹದವನ್ನು ಯಾರು ಹೇಳಬಲ್ಲರು? ಪುಸ್ತಕವನ್ನು ಮುಚ್ಚಿ ನಾನು ಬಹಳ ಹೊತ್ತು ಯೋಚಿಸಿದ್ದು ಇದನ್ನೇ.

ನಮ್ಮ ನಾಡಿನಲ್ಲಿಯೂ ಈ ವಿದ್ಯೆಗೆ ಒಳ್ಳೆಯ ನೆಲೆಯಿದೆ. ೧೯೭೧ರಲ್ಲಿ ಜಿ. ಎನ್. ರಾಮಚಂದ್ರನ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವಭೌತ ವಿಭಾಗವನ್ನು ಸ್ಥಾಪಿಸಿದರು. ಹಾಜ್‌ಕಿನ್ ಅವರ ಇನ್ಸುಲಿನ್ ತಂಡದಲ್ಲಿ ದುಡಿದಿದ್ದ ಎಂ. ವಿಜಯನ್ ಅಲ್ಲಿಗೆ ಬಂದು ಸೇರಿದರು. ೨೦೨೨ರಲ್ಲಿ ತೀರಿಕೊಂಡ ಈ ಮಹನೀಯರು ಆರಿಸಿಕೊಂಡ ವಸ್ತುಗಳನ್ನು ನೋಡಿ: ಕಡಲೆಕಾಯಿ, ಹಲಸಿನ ಬೀಜ! ಇವುಗಳಲ್ಲಿ ಲೆಕ್ಟಿನ್ ಎಂಬ, ಸಕ್ಕರೆಯ ತುಣುಕುಗಳನ್ನು ಗುರುತಿಸಿ ಹಿಡಿಯುವ ಪ್ರೋಟೀನುಗಳಿವೆ. ಕಡಲೆಕಾಯಿಯ ಲೆಕ್ಟಿನ್ನಿನ ಹರಳುಗಳು ೧೯೮೦ರ ದಶಕದ ಆರಂಭದಲ್ಲಿಯೇ ದೊರೆತರೂ ಆಕಾರ ಪ್ರಕಟವಾದದ್ದು ೧೯೯೪ರಲ್ಲಿ, ಹಲಸಿನದು ೧೯೯೬ರಲ್ಲಿ. ಹೆಗ್ಗಡದೇವನಕೋಟೆಯ ಕಡೆ ಹುರುಳಿ ಬೆಳೆಯುವವರಿಗೂ ಒಂದು ಸಂಗತಿ ಹೇಳಬೇಕು. ಹುರುಳಿಯ ಲೆಕ್ಟಿನ್ ಮನುಷ್ಯನ ರಕ್ತದ ‘ಎ’ ಗುಂಪಿನಲ್ಲಿಯೇ ಎರಡು ಒಳಗುಂಪುಗಳನ್ನು ಬೇರ್ಪಡಿಸಲು ಬರುತ್ತದೆ. ಹುರುಳಿಯ ಸಾರಕ್ಕೆ ರಕ್ತಕಣಗಳನ್ನು ಹೆಪ್ಪುಗಟ್ಟಿಸುವ ಈ ಗುಣವಿದೆಯೆಂದು ಬರ್ಡ್ ಎಂಬವರು ಬರೆದದ್ದು ೧೯೫೧ರಲ್ಲಿ, ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ. ಅದರ ಆಕಾರವನ್ನು ಹರಳಿನ ಮೂಲಕ ೧೯೯೯ರಲ್ಲಿ ಪ್ರಕಟಿಸಿದವರು ದೂರದ ಬ್ರಸೆಲ್ಸಿನವರು. ನಾವು ಎತ್ತಿಗೆ ಬೇಯಿಸಿ ಹಾಕಿ, ಕಟ್ಟನ್ನು ಬಸ್ಸಾರು ಮಾಡಿಕೊಂಡು ಉಣ್ಣುವ ಕಾಳು ಅಷ್ಟು ದೂರ ಹೋಗಿ ಬಂದಿದೆ.

ಈಗ ಮೊದಲಿನ ಪ್ರಶ್ನೆಗೆ ಬರೋಣ: ಹದವನ್ನು ಮುಂಚಿತವಾಗಿ ಹೇಳಬಹುದೇ? ಬಹುಕಾಲ ಇದು ನಮ್ಮ ಅಪ್ಪನ ವಿದ್ಯೆಯ ಹಾಗೆಯೇ ಇತ್ತು. ಕೈಗುಣವುಳ್ಳವರಿಗೆ ಹರಳು ಸಿಕ್ಕುತ್ತಿತ್ತು, ಇಲ್ಲದವರಿಗೆ ಗಸಿ. ೧೯೯೧ರಲ್ಲಿ ಜಂಕಾರಿಕ್, ಕಿಮ್ ಎಂಬ ಇಬ್ಬರು ಅದುವರೆಗೆ ಗೆದ್ದಿದ್ದ ಹದಗಳನ್ನೆಲ್ಲ ನೋಡಿ ೫೦ ದ್ರಾವಣಗಳ ಒಂದು ಪಟ್ಟಿ ಮಾಡಿದರು. ಹೊಸ ಪ್ರೋಟೀನು ಬಂದರೆ ಮೊದಲು ಈ ಐವತ್ತರಲ್ಲಿ ಹಾಕಿ ನೋಡು ಎಂದರು. ೧೯೯೪ರಲ್ಲಿ ಜಾರ್ಜ್, ವಿಲ್ಸನ್ ಎಂಬವರು ಇನ್ನೊಂದು ಸೂಕ್ಷ್ಮವನ್ನು ಕಂಡರು: ದ್ರಾವಣದಲ್ಲಿ ಅಣುಗಳಿಗೆ ಪರಸ್ಪರ ಅಲ್ಪವಾದ ಆಕರ್ಷಣೆ ಇರಬೇಕು; ಇಲ್ಲವೇ ಇಲ್ಲವಾದರೆ ಕೂಡುವುದಿಲ್ಲ, ಅತಿಯಾದರೆ ಮುದ್ದೆಗಟ್ಟುತ್ತವೆ. ಇವೆಲ್ಲ ಉಪಯುಕ್ತವಾದ ಮಾತುಗಳೇ. ಆದರೂ ಒಂದು ಹೊಸ ಪ್ರೋಟೀನನ್ನು ಕೈಗೆ ಕೊಟ್ಟು ‘ಇದರ ಹದ ಹೇಳು’ ಎಂದರೆ ಖಚಿತವಾಗಿ ಹೇಳುವುದು ಇಂದಿಗೂ ಸಾಧ್ಯವಾಗಿಲ್ಲ. ಆಲ್ಫಾಫೋಲ್ಡ್ ಎಂಬ ಗಣಕಯಂತ್ರದ ವಿಧಾನ ಹರಳಿಲ್ಲದೆಯೇ ಆಕಾರವನ್ನು ಊಹಿಸಿಕೊಡುತ್ತದೆ. ಅದನ್ನು ಮಾಡಿದವರಿಗೆ ೨೦೨೪ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಆದರೆ ಅದು ಕಲಿತದ್ದೂ ಬಹುಮಟ್ಟಿಗೆ ದಶಕಗಳ ಕಾಲ ಜನರು ಕಷ್ಟಪಟ್ಟು ಹರಳಾಗಿಸಿ ಕೂಡಿಟ್ಟ ಆಕಾರಗಳಿಂದಲೇ.

ಇಷ್ಟು ವರ್ಷಗಳ ಬಳಿಕವೂ ಮುನ್ಸೂಚನೆ ಏಕೆ ಕಷ್ಟ? ವಿಜ್ಞಾನಿಗಳು ಕೊಡುವ ಕಾರಣಗಳಲ್ಲಿ ಒಂದು ನನ್ನ ಮನಸ್ಸಿಗೆ ನಾಟಿತು. ಪ್ರೋಟೀನುಗಳ ಆಕಾರಗಳನ್ನು ಕೂಡಿಡುವ ಜಾಗತಿಕ ಭಂಡಾರವೊಂದು ೧೯೭೧ರಲ್ಲಿ ಏಳೇ ಏಳು ಆಕಾರಗಳಿಂದ ಪ್ರಾರಂಭವಾಯಿತು. ಈಗ ಅದರಲ್ಲಿ ಎರಡು ಲಕ್ಷಕ್ಕೂ ಮಿಕ್ಕಿ ಇವೆ. ಅಲ್ಲಿಗೆ ಸೇರುವುದು ಗೆದ್ದವು ಮಾತ್ರ. ಒಂದು ಹರಳಿನ ಹಿಂದೆ ತಿಳಿಯಾಗಿ ಉಳಿದ ಹನಿಗಳೆಷ್ಟು, ಗಸಿಯಾದ ಹನಿಗಳೆಷ್ಟು, ಅವುಗಳಲ್ಲಿ ಏನೇನು ಬೆರೆಸಿದ್ದರು ಎಂಬುದನ್ನು ಹೆಚ್ಚಿನವರು ಬರೆದು ಪ್ರಕಟಿಸಲಿಲ್ಲ. ಗೆದ್ದ ಹದಗಳ ಪಟ್ಟಿಯೊಂದನ್ನೇ ನೋಡಿ ಹದವನ್ನು ಕಲಿಯುವುದು ಹೇಗೆ? ಯಾವುದು ಗೆಲ್ಲಿಸಿತು ಎಂದು ತಿಳಿಯಬೇಕಾದರೆ ಯಾವುದು ಸೋಲಿಸಿತು ಎಂದೂ ತಿಳಿದಿರಬೇಕಷ್ಟೆ. ಅಮೆರಿಕದ ಬಫಲೋ ನಗರದ ಒಂದು ಪ್ರಯೋಗಶಾಲೆಯವರು ೨೦೦೦ದಿಂದ ಈಚೆಗೆ ಒಂದೊಂದು ಪ್ರೋಟೀನನ್ನೂ ೧,೫೩೬ ಬಗೆಯ ದ್ರಾವಣಗಳಲ್ಲಿಟ್ಟು, ಹರಳಾಗಲಿ ಬಿಡಲಿ, ಪ್ರತಿಯೊಂದು ಹನಿಯ ಚಿತ್ರವನ್ನೂ ತೆಗೆದಿರಿಸಿದರು. ೨೦೧೮ರಲ್ಲಿ ಹಲವು ಸಂಸ್ಥೆಗಳು ಕೂಡಿ ಇಂಥ ಸುಮಾರು ಐದು ಲಕ್ಷ ಚಿತ್ರಗಳಿಂದ, ಹನಿಯಲ್ಲಿ ಹರಳುಂಟೋ ಇಲ್ಲವೋ ಎಂದು ಗುರುತಿಸುವುದನ್ನು ಯಂತ್ರಕ್ಕೆ ಕಲಿಸಿದರು. ಬರಿದಾದ ಹನಿಗೂ ಗಸಿಗಟ್ಟಿದ ಹನಿಗೂ ಅಲ್ಲಿ ಪಾಠ ಹೇಳುವ ಹಕ್ಕು ದೊರೆಯಿತು.

ಇದನ್ನು ಓದಿದ ಮೇಲೆ, ಕಳೆದ ಹಂಗಾಮಿನಲ್ಲಿ, ನಾನು ನಮ್ಮ ಬ್ಯಾರನ್ನಿಗೆ ಒಂದು ಪುಸ್ತಕವಿಟ್ಟೆ. ನಮ್ಮ ಮನೆಯಲ್ಲಿ ಲೇಖನಿ ಹಿಡಿದು ನಾಲ್ಕು ಸಾಲು ಬರೆಯುವ ಮೊದಲಿಗಳು ನಾನೇ. ಆ ವಿದ್ಯೆ ಮನೆಗೂ ಒದಗಲೆಂದು ಆಸೆ. ಸೊಪ್ಪು ಯಾವ ಹೊಲದ್ದು, ಗಿಡದ ಕೆಳಗಿನ ಎಲೆಯೋ ನಡುವಿನದೋ, ಹೊರಗೆ ಮಳೆಯೋ ಬಿಸಿಲೋ, ಎಷ್ಟು ಗಂಟೆಗೆ ಎಷ್ಟು ಡಿಗ್ರಿ, ಕೊನೆಗೆ ಬಣ್ಣ ಹೇಗೆ ಬಂತು ಎಂದು ಬರೆಯುತ್ತ ಹೋದೆ. ಚೆನ್ನಾಗಿ ಬಂದ ಬ್ಯಾರನ್ನಿನ ಲೆಕ್ಕವನ್ನು ಅಪ್ಪ ಉತ್ಸಾಹದಿಂದ ಹೇಳಿ ಬರೆಸಿದರು. ಎರಡನೆಯ ಬ್ಯಾರನ್ ಹಸಿರುಳಿದು ಕೆಟ್ಟಿತು. ಅಂದೂ ನಾನು ಪುಸ್ತಕ ತೆಗೆದಾಗ ಅವರ ಮುಖ ಸಣ್ಣದಾಯಿತು.

‘ಕೆಟ್ಟೋಗಿದ್ದನ್ನ ಯಾಕವ್ವ ಬರ್ಕತೀಯ? ಯಾರಾದ್ರೂ ಓದುದ್ರೆ ನಗಾಕಿಲ್ವಾ?’ ಎಂದರು.

‘ನಗಲಿ ಬಿಡಪ್ಪ. ಮುಂದಿನ ಸಲಕ್ಕೆ ಬೇಕಾಗ್ತದೆ’ ಎಂದೆ. ಅಪ್ಪ ಮಾತಾಡಲಿಲ್ಲ. ಆದರೆ ಅಂದು ರಾತ್ರಿ ಊಟವಾದ ಮೇಲೆ ತಾವಾಗಿಯೇ ಬಂದು, ಮೂರು ದಿನ ಜಡಿಮಳೆ ಹಿಡಿದು ಎಲೆಯಲ್ಲಿ ನೀರು ಹೆಚ್ಚಾಗಿತ್ತೆಂದೂ, ಎಂದಿನ ಹೊತ್ತಿಗೇ ಬೆಂಕಿ ಏರಿಸಿದ್ದರಿಂದ ಹೀಗಾಯಿತೆಂದೂ ಹೇಳಿದರು. ‘ನೋಡ್ತಾ ನೋಡ್ತಾ ಬತ್ತದೆ’ ಎನ್ನುತ್ತಿದ್ದವರ ಬಾಯಿಂದ ಹದದ ಕಾರಣವೊಂದು ಮಾತಾಗಿ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಕೇಳಿಸಿದ್ದು ಕೆಟ್ಟ ಬ್ಯಾರನ್, ಒಳ್ಳೆಯದಲ್ಲ.

ಈ ಹಂಗಾಮಿನ ಆಗಸ್ಟ್ ತಿಂಗಳಲ್ಲಿ ಅಪ್ಪನಿಗೆ ಕೆಮ್ಮು ಉಲ್ಬಣಿಸಿ ವೈದ್ಯರು ಹೊಗೆಯ ಹತ್ತಿರ ಹೋಗಕೂಡದೆಂದರು. ಹದಿನೇಳು ವರ್ಷದ ನನ್ನ ತಮ್ಮ ಬ್ಯಾರನ್ನಿನ ಮುಂದೆ ಕುಳಿತ. ಹೊರಗೆ ಅಂಥದೇ ಜಡಿಮಳೆ. ಅವನು ಪುಸ್ತಕದಲ್ಲಿ ಹುಡುಕಿ ತೆಗೆದದ್ದು ಕೆಟ್ಟ ಬ್ಯಾರನ್ನಿನ ಪುಟವನ್ನು. ಅದನ್ನು ಓದಿ ಅರ್ಧ ದಿನ ಹೆಚ್ಚಿಗೆ ಕಾದ. ಸೊಪ್ಪು ಮೇಲ್ತರದ್ದೇನೂ ಆಗಲಿಲ್ಲ, ಆದರೆ ಹಸಿರು ಉಳಿಯಲಿಲ್ಲ. ಆ ಕಂತು ಕಟ್ಟುವುದಕ್ಕೆ ಸಾಕಾಯಿತು. ಅಪ್ಪ ಜಗಲಿಯ ಮೇಲೆ ಕುಳಿತು ಒಂದೆಲೆಯನ್ನು ಬಹಳ ಹೊತ್ತು ತಿರುಗಿಸಿ ನೋಡಿ, ‘ಇದ್ನೂ ಬರ್ಕೊ’ ಎಂದರು.

ಇಲ್ಲಿಂದ ಮುಂದಕ್ಕೆ ನನ್ನ ಮನಸ್ಸು ಹೋಗುವುದು ಮನುಷ್ಯರ ಕಡೆಗೆ. ನಮ್ಮೂರ ಶಾಲೆಯ ಏಳನೆಯ ತರಗತಿಯಲ್ಲಿ ನಾವು ಹನ್ನೊಂದು ಹುಡುಗಿಯರಿದ್ದೆವು. ಹತ್ತನೆಯದನ್ನು ಮುಗಿಸಿದವರು ಏಳು ಮಂದಿ, ಪಿ.ಯು.ಸಿ. ಮುಗಿಸಿದವರು ಮೂವರು, ಪದವಿಯ ಕೊನೆಯ ವರ್ಷದಲ್ಲಿರುವವಳು ನಾನೊಬ್ಬಳು. ಊರಿನ ತಾಯಂದಿರು ತಮ್ಮ ಮಕ್ಕಳಿಗೆ ‘ಆ ಅಕ್ಕನ್ನ ನೋಡಿ ಕಲೀರಿ’ ಎನ್ನುತ್ತಾರೆ. ನನಗೆ ಸಂಕೋಚವಾಗುತ್ತದೆ. ನನ್ನನ್ನು ನೋಡಿ ಕಲಿಯುವುದಕ್ಕೆ ಏನಿದೆ? ಗಣಿತದಲ್ಲಿ ನನಗಿಂತ ಎಷ್ಟೋ ಮುಂದಿದ್ದ ಗೆಳತಿಯೊಬ್ಬಳು ಹತ್ತನೆಯ ತರಗತಿಗೇ ನಿಂತಳು. ಆ ವರ್ಷ ಅವಳ ತಾಯಿ ಹಾಸಿಗೆ ಹಿಡಿದರು. ಸೊಪ್ಪು ಕಟ್ಟುವುದಕ್ಕೆ ಮನೆಯಲ್ಲಿ ಬೇರೆ ಕೈ ಇರಲಿಲ್ಲ. ಇನ್ನೊಬ್ಬಳ ಹಟ್ಟಿಯಿಂದ ಬಸ್ಸು ನಿಲ್ಲುವ ಜಾಗಕ್ಕೆ ಮೂರು ಮೈಲಿ. ಕತ್ತಲಾದ ಮೇಲೆ ನಡೆದು ಬರುವುದು ಬೇಡವೆಂದು ಮನೆಯವರು ಬಿಡಿಸಿದರು. ನಮ್ಮೂರ ಬಾಗಿಲಿಗೇ ಬೆಳಗಿನ ಬಸ್ಸು ಬರತೊಡಗಿದ್ದು ನಾನು ಪಿ.ಯು.ಸಿ. ಸೇರಿದ ವರ್ಷ. ಹುಡುಗಿಯೊಬ್ಬಳು ಪದವೀಧರೆಯಾಗುವ ಹದವನ್ನು ತಿಳಿಯಬೇಕಾದವರು ಉಳಿದ ಹತ್ತು ಮಂದಿಯನ್ನು ಕೇಳಬೇಕು. ನನ್ನೊಬ್ಬಳನ್ನು ಕೇಳಿದರೆ ಸಿಕ್ಕುವುದು ಅರ್ಧ ಉತ್ತರ.

ವಾರ್ಷಿಕ ಸಂಚಿಕೆಗಳ ಕೊನೆಯ ಪುಟಗಳಲ್ಲಿ ಉನ್ನತ ಶ್ರೇಣಿಯಲ್ಲಿ ತೇರ್ಗಡೆಯಾದವರ ಭಾವಚಿತ್ರಗಳು ಅಚ್ಚಾಗುವುದು ವಾಡಿಕೆ. ಅವರಿಗೆ ನನ್ನ ಅಭಿನಂದನೆಗಳು. ಅದು ಇರಲೇಬೇಕಾದ ಪಟ್ಟಿ. ಅದರ ಪಕ್ಕದಲ್ಲಿ, ಹೆಸರುಗಳಿಲ್ಲದಿದ್ದರೂ ಚಿಂತೆಯಿಲ್ಲ, ನಡುವೆ ಬಿಟ್ಟುಹೋದವರು ಎಷ್ಟು ಮಂದಿ, ಯಾವ ಕಾರಣದಿಂದ ಎಂಬ ಒಂದು ಪುಟ ನಮ್ಮ ಕಾಲೇಜಿನ ಕಡತದಲ್ಲಿಯಾದರೂ ಇದ್ದರೆ ನಮ್ಮ ನಾಲ್ಕು ತಾಲ್ಲೂಕುಗಳ ಮುಂದಿನ ಹುಡುಗಿಯರಿಗೆ ಉಪಕಾರವಾದೀತೆಂದು ನನ್ನ ಭಾವನೆ. ಏಳನೆಯ ತರಗತಿಯ ನನ್ನ ಗೆಳತಿಯರ ಮಟ್ಟಿಗೆ ಆ ಪುಟವನ್ನು ನಾನೇ ಬರೆಯಲು ಆರಂಭಿಸಿದ್ದೇನೆ. ಹತ್ತರಲ್ಲಿ ಆರು ಮಂದಿಯ ಮನೆಗೆ ಹೋಗಿ ಮಾತನಾಡಿಸಿ ಬಂದಾಯಿತು. ಇನ್ನು ನಾಲ್ವರು ಉಳಿದಿದ್ದಾರೆ. ಪರೀಕ್ಷೆ ಮುಗಿದ ಮೇಲೆ ಅವರ ಮನೆಗಳಿಗೂ ಹೋಗಬೇಕು.